ಕಾಲು ಚಾಚುವಷ್ಟು ಚೀಲ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಅಂತ ಹಿರಿಯರು ಹೇಳಿದ್ದು ಸಂಸಾರದ ಖರ್ಚಿನ ವಿಷಯಕ್ಕೆ. ನನಗೆ ಆ ಗಾದೆಯ ಅಕ್ಷರಶಃ ಅರ್ಥ ಆದದ್ದು ಸಕಲೇಶಪುರದ ಹತ್ತಿರ, ಕಾಫಿತೋಟದ ಅಂಚಿನ ಒಂದು ಡೇರೆಯಲ್ಲಿ, ನಡುರಾತ್ರಿ ಎರಡು ಗಂಟೆಗೆ. ಕಾಲು ಚಾಚುವ ಮಾತಿರಲಿ, ಮಡಿಸುವುದಕ್ಕೂ ಆಗದ ಹಾಸಿಗೆಯೊಳಗೆ ನಾನು ಸಿಕ್ಕಿಹಾಕಿಕೊಂಡಿದ್ದೆ!

ಆ ಹಾಸಿಗೆಗೆ ಸ್ಲೀಪಿಂಗ್ ಬ್ಯಾಗ್ ಅಂತ ಹೆಸರು. ಹಾಸಿಗೆ, ಹೊದಿಕೆ ಎರಡನ್ನೂ ಸೇರಿಸಿ ಹೊಲಿದು ಪಕ್ಕಕ್ಕೆ ಜಿಪ್ ಹಾಕಿದ ಚೀಲ ಅಂದುಕೊಳ್ಳಿ. ಬೆಳಿಗ್ಗೆ ಕೃಷ್ಣರಾವ್ ಪಾರ್ಕಿನಲ್ಲಿ ಜೊತೆಯಾಗಿ ನಡೆಯುವ ನಾವು ಆರು ಜನ ಹೆಂಗಸರು, ಎರಡು ವರ್ಷದ ಹಿಂದೆ ಧೈರ್ಯ ಮಾಡಿ ಎರಡು ದಿನದ ಪ್ರವಾಸ ಹೊರಟಿದ್ದೆವು. ಚೀಲಗಳು ಬಾಡಿಗೆಯವು. ಎಲ್ಲಕ್ಕೂ ಒಂದೇ ಅಳತೆ. ಭುಜದ ಹತ್ತಿರ ಅಗಲ, ಪಾದದ ಹತ್ತಿರ ಕಿರಿದು. ನನಗೋ, ನಾಲ್ಕು ವರ್ಷದ ಹಿಂದೆ ಆಪರೇಷನ್ ಆದಾಗಿನಿಂದ ಎಡಮಗ್ಗುಲಾಗಿ, ಮಂಡಿ ಮಡಿಸಿಕೊಂಡು ಮಲಗಿದರೇ ನಿದ್ರೆ. ಮಂಡಿ ಮಡಿಸಿದೆ, ಬಟ್ಟೆ ಬಿಗಿಯಿತು. ಹೊರಳಿದೆ, ಚೀಲವೂ ನನ್ನೊಂದಿಗೇ ಹೊರಳಿ ತಲೆಯ ಮುಸುಕು ಮೂಗಿನ ಮೇಲೆ ಬಂತು. ಕತ್ತಲಲ್ಲಿ ಜಿಪ್ ಹುಡುಕಿ ಎಳೆದೆ. ಒಳಬಟ್ಟೆ ಅದಕ್ಕೆ ಸಿಕ್ಕಿ ನಿಂತುಹೋಯಿತು. ಎರಡು ನಿಮಿಷ ಇದ್ದಿರಬಹುದು. ನನಗೆ ಮಾತ್ರ ಉಸಿರೇ ನಿಂತಂತೆ ಆಗಿ ಎದೆ ಡವಡವ ಅಂತು. ಹೇಗೋ ಕಿತ್ತುಕೊಂಡು ಹೊರಗೆ ಬಂದವಳು ಶಾಲು ಹೊದ್ದು ಬೆಳಗಿನ ತನಕ ಡೇರೆಯ ಬಾಗಿಲಲ್ಲೇ ಕೂತಿದ್ದೆ. ಬೆಳಿಗ್ಗೆ ಎಲ್ಲರೂ ಕೇಳಿದಾಗ 'ಜಾಗ ಹೊಸದಲ್ವೇ, ನಿದ್ರೆ ಬರಲಿಲ್ಲ' ಅಂದೆ. ನಮ್ಮವರಿಗೂ ಹೇಳಲಿಲ್ಲ. ಇನ್ನು ಈ ಜನ್ಮದಲ್ಲಿ ಎನ್.ಆರ್. ಕಾಲೋನಿಯ ನನ್ನ ಮಂಚವೇ ನನಗೆ ಸಾಕು ಅಂತ ತೀರ್ಮಾನಿಸಿಬಿಟ್ಟೆ.

ಹಾಗಿರುವಾಗ ಕಳೆದ ದೀಪಾವಳಿ ಮುಗಿದ ಮೇಲೆ ಮಗಳು ಬಂದು, "ಅಮ್ಮ, ಡಿಸೆಂಬರಿನಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಹೋಗ್ತಿದ್ದೀವಿ, ನೀನೂ ಬಾ" ಅಂದಳು. ಅತ್ತೆಯ ಮಾತ್ರೆ, ಇವರ ಡಬ್ಬಿ, ಕೆಲಸದವಳ ರಜ, ಎಲ್ಲ ನೆಪಗಳನ್ನೂ ಹೇಳಿದೆ. ಒಂದೂ ನಡೆಯಲಿಲ್ಲ. ಕೊನೆಗೆ ಹುರುಳಿಕಾಯಿ ಹೆಚ್ಚುತ್ತಾ ನಿಜ ಹೇಳಿಕೊಂಡೆ. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. "ಅಲ್ಲಮ್ಮ, ಯಾರದೋ ಅಳತೆಯ ರವಿಕೆ ಹಾಕ್ಕೊಂಡು ಹೊಲಿಗೆ ಬಿಟ್ಟಿತು ಅಂತ ರವಿಕೆ ಹಾಕೋದನ್ನೇ ಬಿಡ್ತೀಯಾ?" ಅಂದಳು. ಇಪ್ಪತ್ತು ವರ್ಷದಿಂದ ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡವಳಿಗೆ ಇದಕ್ಕಿಂತ ಚೆನ್ನಾಗಿ ಇನ್ಯಾರು ಹೇಳಿಯಾರು?

ಆದರೆ ಅತ್ತೆ ಒಪ್ಪಲಿಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್‌ಗೆ ನಮ್ಮ ರಾಜ್ಯದಿಂದ ಹೋಗಿದ್ದ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ತೀರಿಹೋದ ಸುದ್ದಿಯನ್ನು ಅವರು ಟಿ.ವಿ.ಯಲ್ಲಿ ನೋಡಿ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. "ಚಳಿ ಅಂದ್ರೆ ಹುಡುಗಾಟ ಅಲ್ಲ ಕಣಮ್ಮ" ಅಂದರು. ನಿಜವೇ. ಆ ಪಾಪದವರು ವಾಪಸು ಬರುವ ದಾರಿಯಲ್ಲಿ ಬಯಲಿನಲ್ಲಿ ಸಿಕ್ಕಿಕೊಂಡದ್ದು, ಚೀಲದ ತಪ್ಪೇನೂ ಅಲ್ಲಿರಲಿಲ್ಲ. ಆದರೂ ಅತ್ತೆಯ ಮಾತು ನನ್ನ ತಲೆಯಲ್ಲಿ ಕೂತಿತು. ಉಸಿರು ಕಟ್ಟದ ಹಾಗೆ ಸಡಿಲವಾಗಿರಬೇಕು, ಸಡಿಲ ಅಂತ ಚಳಿಯೂ ನುಗ್ಗಬಾರದು. ಹುಡುಕಬೇಕಾದದ್ದು ಇಂಥ ಚೀಲವನ್ನು.

ಟ್ರೆಕ್ಕಿಂಗ್ ನಮಗೇಕೆ ಅಂತ ಪುಟ ತಿರುಗಿಸಬೇಡಿ, ಸೋದರಿಯರೇ. ಕೇದಾರನಾಥ ಇರುವುದು 3,583 ಮೀಟರ್ ಎತ್ತರದಲ್ಲಿ. ಯಾತ್ರೆಗೆ ಹೋದವರು ಎಷ್ಟೋ ಜನ ಅಲ್ಲಿ ಡೇರೆಯಲ್ಲೇ ರಾತ್ರಿ ಕಳೆಯುತ್ತಾರೆ. ಮಕ್ಕಳನ್ನು ಶಿಬಿರಕ್ಕೆ ಕಳಿಸುವವರಿಗೂ ಇದು ಬೇಕು. ಮದುವೆ ಛತ್ರದ ತಣ್ಣನೆ ನೆಲದ ಮೇಲೆ ಮಲಗಿ ಸೊಂಟ ಹಿಡಿಸಿಕೊಂಡವರಿಗಂತೂ ನಾನು ಬೇರೆ ಹೇಳಬೇಕಾಗಿಲ್ಲ.

ಮೊದಲು ಟೇಪು ಹಿಡಿಯಿರಿ. ಸ್ವೆಟರ್ ಹಾಕಿಕೊಂಡು, ಎರಡೂ ತೋಳು ಮೈಗೆ ಅಂಟಿಸಿ, ತೋಳು ಸೇರಿಸಿ ಭುಜದ ಸುತ್ತಳತೆ ತೆಗೆದುಕೊಳ್ಳಿ. ಆಮೇಲೆ ಸೊಂಟದ ಕೆಳಗೆ, ದಪ್ಪವಾಗಿರುವ ಕಡೆ. ಗಂಡಸರ ಅಳತೆಗೆ ಹೊಲಿದ ಚೀಲ ಭುಜದಲ್ಲಿ ದೊಗಳೆ, ನಮಗೆ ಬೇಕಾದ ಕಡೆ ಬಿಗಿ. ಈಗ ಹೆಂಗಸರಿಗೆಂದೇ ಸೊಂಟದಲ್ಲಿ ಅಗಲ ಬಿಟ್ಟು, ಪಾದದ ಕಡೆ ಹೆಚ್ಚು ತುಂಬಿ ಮಾಡಿದವೂ ಬಂದಿವೆ. ನನ್ನ ಸೊಂಟ ಉಡುಪು ಸೇರಿ 42 ಅಂಗುಲ. ಅಂಗಾತ ಮಲಗುವವರಾದರೆ ಅದರ ಮೇಲೆ ಒಂದು ಅಡಿ ಸಡಿಲ ಸಾಕು. ಮಗ್ಗುಲಾಗಿ ಮಂಡಿ ಮಡಿಸುವವರಿಗೆ ಒಂದೂವರೆ ಅಡಿಯಾದರೂ ಬೇಕು ಅನ್ನುವುದು ನನ್ನ ಲೆಕ್ಕ. ರವಿಕೆಗೆ ಒಂದೆರಡು ಅಂಗುಲ ಸಡಿಲ ಬಿಟ್ಟರೆ ನಡೆಯುತ್ತೆ, ಇದಕ್ಕೆ ನಡೆಯೋದಿಲ್ಲ.

ಬಿಗಿಯಾದರೆ ಬರೀ ಹಿಂಸೆ ಮಾತ್ರವಲ್ಲ, ಚಳಿಯೂ ಆಗುತ್ತದೆ. ನನಗೆ ಇದು ಮೊದಲು ಗೊತ್ತಿರಲಿಲ್ಲ. ಹಿಂದೆ ನಮ್ಮ ಬೀದಿಗೆ ಹತ್ತಿ ಹಿಂಜುವವರು ಬಿಲ್ಲು ಹಿಡಿದು ಟೊಯ್ಂ ಟೊಯ್ಂ ಅನ್ನಿಸುತ್ತಾ ಬರುತ್ತಿದ್ದದ್ದು ನೆನಪಿದೆಯೇ? ಗಂಟು ಕಟ್ಟಿದ ಹಾಸಿಗೆಯ ಹತ್ತಿಯನ್ನು ಹಿಂಜಿದರೆ ಅದೇ ಹತ್ತಿ ಎರಡರಷ್ಟು ಉಬ್ಬಿ ಬೆಚ್ಚಗಾಗುತ್ತಿತ್ತು. ಬೆಚ್ಚಗಿಡುವುದು ಹತ್ತಿಯಲ್ಲ, ಅದರ ಎಳೆಗಳ ನಡುವೆ ಸಿಕ್ಕ ಗಾಳಿ. ಚೀಲದಲ್ಲೂ ಹಾಗೆಯೇ. ಮಂಡಿ, ಸೊಂಟ ಒತ್ತಿದ ಕಡೆ ತುಂಬಿದ್ದೆಲ್ಲ ಚಪ್ಪಟೆಯಾಗಿ, ಸರಿಯಾಗಿ ಅಲ್ಲೇ ತಣ್ಣಗೆ ಕೊರೆಯುತ್ತದೆ. ಮೈಯ ಕೆಳಗೂ ಹಾಗೇ ಚಪ್ಪಟೆಯಾಗುವುದರಿಂದ, ಎಷ್ಟು ಬೆಲೆಯ ಚೀಲವಾದರೂ ಅಡಿಗೆ ದಪ್ಪ ಫೋಮಿನ ಚಾಪೆ ಬೇಕೇ ಬೇಕು. ಇದನ್ನು ಮರೆತು ನೆಲದ ಮೇಲೆ ಮಲಗಿ ಚೀಲವನ್ನು ಬೈಯುವವರೇ ಹೆಚ್ಚು.

ಹಾಗಂತ ಅತಿ ದೊಗಳೆಯೂ ಬೇಡ. ಒಳಗಿನ ಖಾಲಿ ಜಾಗವನ್ನೆಲ್ಲ ನಮ್ಮ ಮೈಯೇ ಬಿಸಿ ಮಾಡಬೇಕಲ್ಲ! ಆಯತಾಕಾರದ ಚೀಲದಲ್ಲಿ ಕಾಲಾಡಿಸಲು ಧಾರಾಳ ಜಾಗ. ಪೂರ್ತಿ ಬಿಚ್ಚಿದರೆ ರಜಾಯಿಯೂ ಆಗುತ್ತೆ. ನಮ್ಮ ಕರ್ನಾಟಕದೊಳಗಿನ ತಿರುಗಾಟಕ್ಕೆ, ಛತ್ರಕ್ಕೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಹೆಚ್ಚಿನ ಚಳಿ ಅಂದರೆ 1884ರ ಜನವರಿ 13ರ 7.8 ಡಿಗ್ರಿ. ಅದಕ್ಕೆ ಹಿಮಾಲಯದ ಚೀಲ ಯಾಕೆ? ಇನ್ನೊಂದು, ನನ್ನನ್ನು ಕಟ್ಟಿಹಾಕಿದ್ದು, 'ಮಮ್ಮಿ' ಆಕಾರ. ಈಜಿಪ್ಟಿನ ಹೆಣದ ಹೆಸರು, ಅಮ್ಮನಿಗೂ ಅದಕ್ಕೂ ಸಂಬಂಧವಿಲ್ಲ! ತಲೆಗೆ ನಮ್ಮ ರೈತರ ಕಂಬಳಿಕೊಪ್ಪೆಯಂಥ ಮುಸುಕು, ಮೈಗೆ ಹತ್ತಿದ ಹೊಲಿಗೆ. ಬೆಚ್ಚಗಿರುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಇವೆರಡರ ನಡುವಿನ ಒಂದು ಜಾತಿಯಿದೆ: ಮುಸುಕೂ ಇದೆ, ಮಂಡಿಯ ಕಡೆ ಅಗಲವೂ ಇದೆ. ನಾನು ಕೊನೆಗೆ ಕೊಂಡದ್ದು ಅದನ್ನೇ.

ಅಂದ ಹಾಗೆ, ಇದು ತೀರಾ ಹೊಸ ವಸ್ತುವೇನೂ ಅಲ್ಲವಂತೆ. ವೇಲ್ಸ್ ದೇಶದ ಪ್ರೈಸ್ ಪ್ರೈಸ್-ಜೋನ್ಸ್ ಅನ್ನುವ ಜವಳಿ ವ್ಯಾಪಾರಿ, ಅಂಚೆಯ ಮೂಲಕ ಫ್ಲಾನಲ್ ಮಾರುತ್ತಿದ್ದಾತ, ಕಂಬಳಿಯನ್ನು ಮಡಿಸಿ ಅದರಲ್ಲೇ ದಿಂಬು ಸೇರಿಸಿದ ಚೀಲಕ್ಕೆ 1876ರಲ್ಲಿ ಪೇಟೆಂಟ್ ಪಡೆದಿದ್ದ. ಕೊಂಡವರು ರಷ್ಯದ ಸೈನಿಕರು. ಸೈನಿಕರಿಗೆ ಹೊಲಿದ ಮೇಲೆ ಸೊಂಟದ ಅಳತೆ ಯಾರು ಕೇಳ್ತಾರೆ!

ಅಂಗಡಿಗೆ ಹೋದ ದಿನದ ಕಥೆ ಹೇಳಲೇಬೇಕು. ಆಟೋಟದ ಸಾಮಾನಿನ ದೊಡ್ಡ ಅಂಗಡಿ. ಮಾರುವ ಹುಡುಗ ಒಂದು ಚೀಲ ತೆಗೆದು, "ಮೇಡಂ, ಇದು ಮೈನಸ್ ಹತ್ತು ತಡೆಯುತ್ತೆ" ಅಂದ. ಮಗಳು ಚೀಟಿ ತಿರುಗಿಸಿ ತೋರಿಸಿದಳು. ಒಂದಲ್ಲ, ಮೂರು ಅಂಕಿಗಳಿದ್ದವು: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ಯುರೋಪಿನವರು 2002ರಲ್ಲಿ ಮಾಡಿದ ಈ ಕ್ರಮ ಈಗ ಐಎಸ್‌ಒ 23537 ಅನ್ನುವ ಹೆಸರಿನಲ್ಲಿದೆ. ಬಿಸಿ ಮಾಡಿದ ಬೊಂಬೆಯೊಂದನ್ನು ಚೀಲದೊಳಗೆ ಮಲಗಿಸಿ ಅಳೆಯುತ್ತಾರೆ. ಕಂಫರ್ಟ್ ಅಂದರೆ ಸಾಧಾರಣ ಹೆಂಗಸು ಮೈ ಸಡಿಲ ಬಿಟ್ಟು ಚಳಿಯಾಗದೆ ಮಲಗಬಹುದಾದ ಉಷ್ಣಾಂಶ. ಲಿಮಿಟ್ ಅಂದರೆ ಸಾಧಾರಣ ಗಂಡಸು ಮುದುಡಿಕೊಂಡು ಎಂಟು ಗಂಟೆ ಎಚ್ಚರವಾಗದೆ ಮಲಗಬಹುದಾದದ್ದು. ಆ ಗಂಡಸಿಗೆ ಲೆಕ್ಕದಲ್ಲಿ 25 ವರ್ಷ, 73 ಕಿಲೋ ತೂಕ. ಅವನಿಗೂ ನನಗೂ ಎಲ್ಲಿಯ ಸಂಬಂಧ! ಎಕ್ಸ್‌ಟ್ರೀಮ್ ಅನ್ನುವುದು ಹೆಂಗಸು ಆರು ಗಂಟೆ ಜೀವ ಹಿಡಿದುಕೊಂಡಿರಬಹುದಾದ ಚಳಿ, ಅಷ್ಟೆ. ಕೈಕಾಲಿನ ಬೆರಳು ಉಳಿಯುವ ಭರವಸೆಯೂ ಇಲ್ಲ. ಹುಡುಗ ಹೇಳಿದ ಮೈನಸ್ ಹತ್ತು ಇದೇ ಮೂರನೆಯದು. ಕಂಫರ್ಟಿನಲ್ಲಿ ಆ ಚೀಲ ಐದು ಡಿಗ್ರಿಯದು. ಹೆಂಗಸರು ನೋಡಬೇಕಾದದ್ದು ಮೊದಲನೆಯ ಅಂಕಿಯನ್ನು ಮಾತ್ರ, ಇದನ್ನು ಗಂಟು ಹಾಕಿಕೊಳ್ಳಿ.

ಆಮೇಲೆ ಬೇರೆ ಚೀಲ ತೆಗೆಸಿ ನೆಲದ ಮೇಲೆ ಹಾಸಿ, ಚಪ್ಪಲಿ ಬಿಟ್ಟು ಮಲಗಿಯೇಬಿಟ್ಟೆ. ಚೂಡಿದಾರ ಹಾಕಿಕೊಂಡು ಹೋಗಿದ್ದೆ, ನೀವೂ ಹಾಗೇ ಮಾಡಿ. ನಾಲ್ಕು ಜನ ನಿಂತು ನೋಡಿದರು. ನೋಡಲಿ, ಬೆಟ್ಟದ ಮೇಲೆ ಒದ್ದಾಡುವಾಗ ಅವರು ಬರುತ್ತಾರೆಯೇ? ಜಿಪ್ ಪೂರ್ತಿ ಎಳೆದು ಎಡಕ್ಕೆ ಹೊರಳಿದೆ, ಬಲಕ್ಕೆ ಹೊರಳಿದೆ, ಮಂಡಿ ಎದೆಯ ಕಡೆ ತಂದೆ, ಕೈ ಎತ್ತಿ ಕಿವಿ ಮುಟ್ಟಿಕೊಂಡೆ. ಚೀಲ ನನ್ನೊಂದಿಗೆ ಹೊರಳದೆ, ನಾನು ಚೀಲದೊಳಗೆ ಹೊರಳಬೇಕು. ಕೊನೆಗೆ ಕಣ್ಣು ಮುಚ್ಚಿಕೊಂಡು ಜಿಪ್ ತೆಗೆದು ಹೊರಗೆ ಬಂದೆ. ಮೂರು ಸಲ. ನಮ್ಮ ವಯಸ್ಸಿನವರು ರಾತ್ರಿ ಒಮ್ಮೆಯಾದರೂ ಎದ್ದು ಹೊರಗೆ ಹೋಗಬೇಕಾಗುತ್ತಲ್ಲ! ಜಿಪ್ ಒಳಗಿನಿಂದಲೂ ಎಳೆಯುವಂತಿರಬೇಕು, ಮೇಲಿನಿಂದಲೂ ಕೆಳಗಿನಿಂದಲೂ ತೆಗೆಯುವಂತಿರಬೇಕು. ಅದರ ಉದ್ದಕ್ಕೂ ಗಟ್ಟಿ ಪಟ್ಟಿ ಹೊಲಿದಿದ್ದರೆ ಒಳಬಟ್ಟೆ ಸಿಕ್ಕುವುದಿಲ್ಲ. ಬಲಗೈಯವರಿಗೆ ಎಡಪಕ್ಕದ ಜಿಪ್ ಸಲೀಸು. ಎರಡು ಚೀಲ ಬಿಟ್ಟು ಮೂರನೆಯದನ್ನು ಒಪ್ಪಿದೆ.

ಒಳಗೆ ತುಂಬುವುದರಲ್ಲಿ ಎರಡು ಬಗೆ. ಒಂದು ಬಾತು, ಹೆಬ್ಬಾತುಗಳ ಎದೆಯ ಪುಕ್ಕ: ಬಲು ಹಗುರ, ಬಲು ಬೆಚ್ಚಗೆ, ಬೆಲೆಯೂ ಹಾಗೇ, ನೆನೆದರೆ ಮುದ್ದೆ. ಅತ್ತೆ ಕೇಳಿದ ತಕ್ಷಣ "ಅದು ಮನೆಯೊಳಗೆ ಬೇಡ" ಅಂದುಬಿಟ್ಟರು. ಇನ್ನೊಂದು ಪಾಲಿಯೆಸ್ಟರ್ ನಾರು: ತೂಕ ಹೆಚ್ಚು, ಗಂಟೂ ದೊಡ್ಡದು, ಆದರೆ ತೇವವಾದರೂ ಅಷ್ಟಿಷ್ಟು ಬೆಚ್ಚಗಿಡುತ್ತದೆ, ಮನೆಯಲ್ಲೇ ಒಗೆಯಬಹುದು. ನಮ್ಮ ಮಲೆನಾಡಿನ ಮಳೆಗೆ ಇದೇ ಮೇಲು ಅಂತ ನನ್ನ ಅಭಿಪ್ರಾಯ. ನಾನು 5 ಅಡಿ 2 ಅಂಗುಲ; ಚೀಲ ಉದ್ದವಾಯಿತು. ಪಾದದ ಕಡೆ ಉಳಿದ ಜಾಗದಲ್ಲಿ ಮಾರನೆಯ ದಿನದ ಬಟ್ಟೆ ತುರುಕಿಟ್ಟೆ. ಜಾಗವೂ ತುಂಬಿತು, ಬೆಳಿಗ್ಗೆ ಬಟ್ಟೆಯೂ ಬೆಚ್ಚಗಿತ್ತು.

ಒಳಗವಸು ಕೊಳ್ಳಬೇಡಿ, ಹೊಲಿಯಿರಿ. ಮೆತ್ತಗಾದ ಹಳೆಯ ಹತ್ತಿ ಸೀರೆಯಲ್ಲಿ ನಾಲ್ಕೂಕಾಲು ಮೀಟರ್ ಕತ್ತರಿಸಿ ಅರ್ಧಕ್ಕೆ ಮಡಿಸಿದರೆ ನಿಮ್ಮ ಉದ್ದಕ್ಕೆ ಸರಿಯಾಗುತ್ತದೆ. ಪನ್ನದ ಅಗಲವನ್ನು 36 ಅಂಗುಲಕ್ಕೆ ಇಳಿಸಿ ಎರಡು ಪಕ್ಕ ಹೊಲಿಯಿರಿ. ಜಿಪ್ಪಿನ ಪಕ್ಕ ಮೇಲಿನಿಂದ ಎರಡು ಅಡಿ ಬಿಡಿ. ಚೀಲಕ್ಕಿಂತ ಒಳಗವಸು ಕಿರಿದಾದರೆ ಕಾಲಿಗೆ ಸುತ್ತಿಕೊಂಡು ಮತ್ತೆ ಅದೇ ಪಾಡು. ಮನೆಗೆ ಬಂದ ಮೇಲೆ ಇದೊಂದನ್ನು ಒಗೆದರೆ ಸಾಕು. ಚೀಲವನ್ನು ಮಾತ್ರ ಅದರ ಪುಟ್ಟ ಗಂಟಿನಲ್ಲೇ ವರ್ಷವಿಡೀ ಅದುಮಿಡಬೇಡಿ, ದೊಡ್ಡ ಗವಸಿನಲ್ಲಿ ಸಡಿಲವಾಗಿಡಿ.

ಡೆಹ್ರಾಡೂನಿನಿಂದ ಇಡೀ ದಿನ ಬಸ್ಸಿನಲ್ಲಿ ಕೂತು ಸಾಂಕ್ರಿ ಸೇರಿದೆವು. ಮಾರನೆಯ ರಾತ್ರಿ ಜೂಡಾ ಕಾ ತಾಲಾಬ್ ಅನ್ನುವ ಕೆರೆಯ ಹತ್ತಿರ ಡೇರೆ. ಕೆರೆ ಹೆಪ್ಪುಗಟ್ಟಿತ್ತು. ಬಿಸಿ ಸೂಪು ಕುಡಿದು, ಒಣಗಿದ ಬಟ್ಟೆ ಹಾಕಿಕೊಂಡು, ಫ್ಲಾಸ್ಕಿನಂಥ ಬಾಟಲಿಯಲ್ಲಿ ಬಿಸಿನೀರು ತುಂಬಿ ಕಾಲ ಹತ್ತಿರ ಇಟ್ಟುಕೊಳ್ಳಲು ಹೋದರೆ, ಮಗಳು "ಫ್ಲಾಸ್ಕ್ ಬಿಸಿ ಹೊರಗೆ ಬಿಡಲ್ಲಮ್ಮ!" ಅಂತ ನಕ್ಕು ಮಾಮೂಲಿ ಬಾಟಲಿ ಕೊಟ್ಟಳು. ಮೂಗು ಬಾಯಿ ಹೊರಗಿಟ್ಟುಕೊಂಡೆ. ಒಳಗೆ ಉಸಿರು ಬಿಟ್ಟರೆ ಚೀಲ ತೇವವಾಗುತ್ತೆ. ಜಿಪ್ ಎಳೆಯುವಾಗ ಎದೆ ಒಮ್ಮೆ ಡವ ಅಂತು. ತೆಗೆದು ನೋಡಿದೆ, ತೆರೆಯಿತು. ಮತ್ತೆ ಹಾಕಿದೆ. ಎಡಮಗ್ಗುಲಾಗಿ ಮಂಡಿ ಮಡಿಸಿದೆ. ಎಚ್ಚರವಾದಾಗ ಹೊರಗೆ ಯಾರೋ ಚಹ ಕೂಗುತ್ತಿದ್ದರು.

ಈಗ ಹಿಂದಿನ ಬೀದಿಯ ಗೆಳತಿ ಬದರಿ-ಕೇದಾರಕ್ಕೆ ಹೊರಟಿದ್ದಾರೆ. "ನಿಮ್ಮ ಚೀಲ ಕೊಡ್ತೀರೇನ್ರೀ?" ಅಂತ ಮೊನ್ನೆ ಕೇಳಿದರು. ಅವರು ನನಗಿಂತ ಅರ್ಧ ಅಡಿ ಎತ್ತರ, ಮೈಕಟ್ಟೂ ಬೇರೆ. ಚೀಲ ಕೊಡಲಿಲ್ಲ, ಟೇಪು ಕೊಟ್ಟು ಕಳಿಸಿದೆ.