ಜಗ್ಗಿದರೆ ಬೆಳೆಯುವ ಎಳೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳಲ್ಲಿ ಅಡಿಕೆ ಕೊಯ್ಯುವ ಕೊನೆಗಾರ ಒಂದು ಮರದ ತುದಿ ಬಗ್ಗಿಸಿ ಪಕ್ಕದ ಮರಕ್ಕೆ ದಾಟುವಾಗ ಕೆಳಗೆ ನಿಂತವರ ಎದೆ ಝಲ್ಲೆನ್ನುತ್ತದೆ. ಹೊಸ ಮರ ಅಂಗಾಲಿಗೆ ತಾಗಿದ ಸುದ್ದಿ ಸೊಂಟದ ಬಳಿಯ ನರಕೋಶ ಮುಟ್ಟುವುದು ಆ ಕೋಶದ್ದೇ ಒಂದು ಎಳೆಯ ಮೂಲಕ. ಎಳೆಯ ಉದ್ದ ಹೆಚ್ಚುಕಡಿಮೆ ಒಂದು ಮೀಟರ್. ದಪ್ಪ ಕೂದಲಿಗಿಂತ ಎಷ್ಟೋ ಕಡಿಮೆ.

ಅವನು ತೊಟ್ಟಿಲಲ್ಲಿದ್ದಾಗಲೂ ಈ ಎಳೆ ಅಂಗಾಲು ಮುಟ್ಟಿತ್ತು. ಎರಡೂ ತುದಿ ಕಟ್ಟಿಬಿದ್ದ ಮೇಲೆ ಅದು ಉದ್ದವಾದದ್ದು ಹೇಗೆ? ಕಾಲು ಬೆಳೆಯುತ್ತ ಎಳೆಯನ್ನು ಜಗ್ಗಿತು, ಎಳೆ ಹೊಸ ಸರಕು ತುಂಬಿಕೊಂಡು ಬೆಳೆಯಿತು. 1941ರಲ್ಲೇ ಜೀವವಿಜ್ಞಾನಿ ಪಾಲ್ ವೈಸ್ ಹೀಗೆಂದು ವಾದಿಸಿದ್ದರು. 1984ರಲ್ಲಿ ಇನ್ನೊಬ್ಬ ಜೀವವಿಜ್ಞಾನಿ ಡೆನ್ನಿಸ್ ಬ್ರೇ ಕೋಳಿ ಭ್ರೂಣದ ನರಕೋಶದ ಎಳೆಯ ತುದಿಯನ್ನು ಗಾಜಿನ ಸೂಜಿಯಿಂದ ನಿಧಾನಕ್ಕೆ ಎಳೆದು ನೋಡಿದರು. ಅದು ಬರೀ ರಬ್ಬರಿನಂತೆ ಹಿಗ್ಗಲಿಲ್ಲ, ನಿಜವಾಗಿಯೂ ಬೆಳೆಯಿತು.

ಭ್ರೂಣದಲ್ಲಿ ಮೊದಲ ಸಲ ಗುರಿ ಹುಡುಕುವಾಗಿನ ಕತೆ ಬೇರೆ. ಆಗ ಎಳೆಯ ತುದಿಯೇ ಸುತ್ತಲಿನದನ್ನು ಹಿಡಿದು ಮುಂದಕ್ಕೆ ಜಗ್ಗಿಕೊಳ್ಳುತ್ತದೆ. ಕಾಳುಮೆಣಸಿನ ಬಳ್ಳಿಯಂತೆ ಎನ್ನೋಣವೆಂದರೆ, ಬಳ್ಳಿ ಮರವನ್ನು ಹಿಡಿಯುತ್ತದೆಯೇ ಹೊರತು ಜಗ್ಗುವುದಿಲ್ಲ. ಈ ತುದಿಗೆ ಗಟ್ಟಿ ಯಾವುದು, ಮೆತ್ತಗಿನದು ಯಾವುದು ಎಂಬುದೂ ತಿಳಿಯುತ್ತದೆ. ಕಪ್ಪೆ ಭ್ರೂಣದಲ್ಲಿ ಕಣ್ಣಿನಿಂದ ಹೊರಟ ಎಳೆಗಳು ಮಿದುಳಿನ ಮೆತ್ತಗಿನ ಕಡೆಗೆ ಹೊರಳುವುದನ್ನು ಕೇಂಬ್ರಿಜ್‌ನ ಕ್ರಿಸ್ಟಿಯಾನ್ ಫ್ರಾನ್ಸೆ ತಂಡ 2016ರಲ್ಲಿ ತೋರಿಸಿತು.

ಇನ್ನು ಮರದಿಂದ ಮರಕ್ಕೆ ದಾಟುವಾಗಿನ ಹಠಾತ್ ಎಳೆತಕ್ಕೆ ಈ ಎಳೆ ಹರಿಯುವುದಿಲ್ಲವೇಕೆ? ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಪ್ರಮೋದ್ ಪುಲ್ಲರ್ಕಟ್ ತಂಡ ಪುಣೆಯ ಐಸರ್ ಸಂಸ್ಥೆಯ ಜೊತೆ ಸೇರಿ 2020ರಲ್ಲಿ ಪ್ರಕಟಿಸಿದ ಕೆಲಸ ಇದರ ಗುಟ್ಟು ಹೇಳುತ್ತದೆ. ನರದ ಎಳೆಯ ಪೊರೆಯ ಒಳಗಡೆ ಸುಮಾರು 190 ನ್ಯಾನೋಮೀಟರಿಗೊಂದರಂತೆ ಆಕ್ಟಿನ್ ಎಂಬ ಪ್ರೋಟೀನಿನ ಬಳೆಗಳಿವೆ, ಅಡಿಕೆ ಮರದ ಮೈಮೇಲಿನ ಉಂಗುರಗಳ ಹಾಗೆ. ಬಳೆಯಿಂದ ಬಳೆಗೆ ಸ್ಪೆಕ್ಟ್ರಿನ್ ಎಂಬ ಮಡಚಿದ ಪ್ರೋಟೀನು. ಜಗ್ಗಿದಾಗ ಮಡಿಕೆ ಬಿಚ್ಚಿಕೊಂಡು ಎಳೆ ಮೆತ್ತಗಾಗುತ್ತದೆ, ಬಿಟ್ಟಾಗ ಮತ್ತೆ ಮಡಚಿಕೊಳ್ಳುತ್ತದೆ. ಎಳೆತದ ಪೆಟ್ಟು ಅಲ್ಲೇ ಇಳಿಯುತ್ತದೆ.

ಎಳೆತವನ್ನೇನೋ ಎಳೆ ತಾಳುತ್ತದೆ; ಕತ್ತಿ ತಾಗಿ ಮೊಣಕೈ ಬಳಿ ನರ ತುಂಡಾದರೆ, ಹೊಲಿಗೆ ಹಾಕಿದ ಮೇಲೂ ಎಳೆಗಳು ಚಿಗುರುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಬೆರಳ ತುದಿಗೆ ಸ್ಪರ್ಶ ಮರಳಲು ವರ್ಷವೇ ಹಿಡಿದೀತು. ಆದರೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡಗ್ಲಸ್ ಸ್ಮಿತ್ ಪ್ರಯೋಗಾಲಯದಲ್ಲಿ ಯಂತ್ರದಿಂದ ಜಗ್ಗಿದ ಎಳೆಗಳು ದಿನಕ್ಕೆ 8 ಮಿಲಿಮೀಟರ್ ಬೆಳೆದಿವೆ. ಮೊದಲ ದಿನವೇ ಅಷ್ಟು ಜಗ್ಗಿದರೆ ಹರಿದುಹೋಗುತ್ತವೆ. 1 ಮಿಲಿಮೀಟರಿನಿಂದ ಶುರುಮಾಡಿ ದಿನದಿಂದ ದಿನಕ್ಕೆ ಏರಿಸುತ್ತ ಹೋಗಬೇಕು.