ಪರನಾಡಿನ ಗುರು

ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್ ದಾರಿ, ನಡುವೆ ಅಣ್ಣಿಗೇರಿ. ಸುತ್ತಲೂ ಹಿಂಗಾರಿನಲ್ಲಿ ಕಡಲೆ, ಜೋಳ, ಕುಸುಬೆಗಳಿಂದ ತುಂಬುವ ಎರೆಭೂಮಿ. 1997ರವರೆಗೆ ಗದಗವೂ ಧಾರವಾಡ ಜಿಲ್ಲೆಗೇ ಸೇರಿತ್ತು. ಗದಗಿನ ಬಾಲಕ ಸುನೀಲ ಜೋಶಿ ಬೆಳಗಿನ ಜಾವದಲ್ಲೆದ್ದು ಕ್ರಿಕೆಟ್ ಅಭ್ಯಾಸಕ್ಕೆಂದು ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಮತ್ತೆ ಊರು ಸೇರುತ್ತಿದ್ದ. ಆ ಹುಡುಗ 1996ರಲ್ಲಿ ಭಾರತದ ಟೆಸ್ಟ್ ತಂಡಕ್ಕೆ ಸೇರಿದಾಗ, ನಡುವಿನ ಊರುಗಳವರೂ ಅವರನ್ನು ತಮ್ಮ ಮನೆಯ ಮಗನೆಂದು ಭಾವಿಸಿದ್ದರೆ ಅಚ್ಚರಿಯೇನಿದೆ?

ಅಣ್ಣಿಗೇರಿಯ ಕಟ್ಟೆಯ ಮೇಲೆ ಕುಳಿತ ಅಂಥ ಒಬ್ಬ ಅಭಿಮಾನಿಯನ್ನು ಊಹಿಸಿಕೊಳ್ಳಬಹುದು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಜೋಶಿಯವರು 10 ಓವರುಗಳಲ್ಲಿ ಕೇವಲ 6 ಓಟ ಕೊಟ್ಟು 5 ಹುದ್ದರಿ ಪಡೆದುದು ಅವನಿಗೆ ಬಾಯಿಪಾಠ. 2000ದ ನವೆಂಬರಿನಲ್ಲಿ ಢಾಕಾದಲ್ಲಿ ನಡೆದ ಬಾಂಗ್ಲಾದೇಶದ ಮೊತ್ತಮೊದಲ ಟೆಸ್ಟಿನಲ್ಲಿ ಅವರು 92 ಓಟ ಹೊಡೆದು, 8 ಹುದ್ದರಿ ಉರುಳಿಸಿ ಪಂದ್ಯಶ್ರೇಷ್ಠರೆನಿಸಿದ ದಿನವಂತೂ ಅವನ ಪಾಲಿಗೆ ಹಬ್ಬವೇ.

ಅದೇ ತಿಂಗಳು ಭಾರತ ತಂಡಕ್ಕೆ ಹೊಸ ತರಬೇತುದಾರರು ಬಂದರು. ಅವರು ನ್ಯೂಜಿಲೆಂಡಿನ ಮಾಜಿ ನಾಯಕ ಜಾನ್ ರೈಟ್; ಆ ಸ್ಥಾನಕ್ಕೇರಿದ ಮೊದಲ ವಿದೇಶೀಯರು. ಜಿಂಬಾಬ್ವೆಯೊಡನೆ ಅವರ ಮೊದಲ ಸರಣಿ ನಾಗಪುರದಲ್ಲಿ ಮುಗಿಯಿತು. ಜೋಶಿಯವರ ಟೆಸ್ಟ್ ಜೀವನವೂ ಅಲ್ಲಿಗೇ ಮುಗಿಯಿತು: 15 ಟೆಸ್ಟ್, 41 ಹುದ್ದರಿ.

2001ರಲ್ಲಿ ಆಸ್ಟ್ರೇಲಿಯನ್ನರು ಬಂದರು. ಮುಂಬಯಿಯಲ್ಲಿ ರಾಹುಲ್ ಸಾಂಘ್ವಿ, ಕಲ್ಕತ್ತೆಯಲ್ಲಿ ವೆಂಕಟಪತಿ ರಾಜು, ಚೆನ್ನೈಯಲ್ಲಿ ನೀಲೇಶ್ ಕುಲಕರ್ಣಿ: ಮೂರು ಟೆಸ್ಟುಗಳಿಗೆ ಮೂವರು ಎಡಗೈ ಸ್ಪಿನ್ನರುಗಳು! ಅಭಿಮಾನಿಯ ಸಿಟ್ಟು ನೆತ್ತಿಗೇರಿತು.

“ಮೂರು ಮಂದಿ ಸಿಕ್ಕರು, ನಮ್ಮಾವ ಒಬ್ಬ ಸಿಗಲಿಲ್ಲೇನು? ಹೊರಗಿನಾವಗ ನಮ್ಮ ಹುಡುಗರ ಕಿಮ್ಮತ್ತು ಹ್ಯಾಂಗ ತಿಳೀಬೇಕು?”

ತಂಡವನ್ನು ಆರಿಸುವವರು ಆಯ್ಕೆ ಸಮಿತಿಯವರೆಂಬ ಸಮಾಧಾನ ಆ ಸಿಟ್ಟಿನೆದುರು ನಿಲ್ಲಲಿಲ್ಲ. ಮುಂಬಯಿಯಲ್ಲಿ ಭಾರತ ಮೂರೇ ದಿನಗಳಲ್ಲಿ ಸೋತಾಗ ಅವನ ಮಾತಿಗೆ ಸಾಕ್ಷಿಯೂ ಸಿಕ್ಕಂತಾಯಿತು.

ಆದರೆ ಕಲ್ಕತ್ತೆ ಆ ಸಾಕ್ಷಿಯನ್ನು ಸುಳ್ಳುಮಾಡಿತು. 274 ಓಟ ಹಿಂದೆ ಬಿದ್ದು ಫಾಲೋ ಆನ್‌ಗೆ ಗುರಿಯಾದ ತಂಡದಲ್ಲಿ ನಾಯಕ ಗಂಗೂಲಿಯವರೂ ರೈಟರೂ ಲಕ್ಷ್ಮಣರನ್ನು ಮೂರನೆಯ ಸ್ಥಾನಕ್ಕೇರಿಸಿ, ಕನ್ನಡಿಗ ದ್ರಾವಿಡರನ್ನು ಆರನೆಯದಕ್ಕಿಳಿಸಿದರು. ಲಕ್ಷ್ಮಣ 281, ದ್ರಾವಿಡ 180. ಇಬ್ಬರ ಜೊತೆಯಾಟ 376. ಭಾರತ 171 ಓಟಗಳಿಂದ ಗೆದ್ದಿತು. ಚೆನ್ನೈಯಲ್ಲಿ ಸರಣಿಯೂ ಕೈಸೇರಿತು. ಇಂಗ್ಲೆಂಡಿನ ಕೆಂಟ್ ತಂಡದಲ್ಲಿ ರೈಟರ ಕೈಕೆಳಗೆ ಆಡಿದ್ದ ದ್ರಾವಿಡರೇ ಅವರ ಪರವಾಗಿ ಒಳ್ಳೆಯ ಮಾತಾಡಿದ್ದರೆಂಬುದು ತಿಳಿದಾಗ ಅಭಿಮಾನಿ ಇನ್ನಷ್ಟು ಮೆತ್ತಗಾದ. 2004ರಲ್ಲಿ ಭಾರತ ಪಾಕಿಸ್ತಾನದ ನೆಲದಲ್ಲಿ ಮೊದಲ ಬಾರಿಗೆ ಟೆಸ್ಟ್ ಸರಣಿ ಗೆದ್ದಾಗ ರೈಟರನ್ನು ಮನಸಾರೆ ಹೊಗಳಿದ. ಹೊಗಳಿದನೇ ಹೊರತು ಕ್ಷಮಿಸಲಿಲ್ಲ.

ಕ್ಷಮೆಗೆ ಇನ್ನೂ ಹತ್ತು ವರ್ಷ ಬೇಕಾಯಿತು. 2014ರಲ್ಲಿ ಜಮ್ಮು-ಕಾಶ್ಮೀರದ ರಣಜಿ ತಂಡಕ್ಕೆ ತರಬೇತುದಾರರಾಗಿದ್ದವರು ಅದೇ ಸುನೀಲ ಜೋಶಿ! ಆ ಸೆಪ್ಟೆಂಬರಿನಲ್ಲಿ ನೆರೆ ನುಗ್ಗಿ ಶ್ರೀನಗರದ ಕ್ರೀಡಾಂಗಣ ಹಾಳಾಗಿತ್ತು. ಆಟಗಾರರಿಗೆ ಅಭ್ಯಾಸಕ್ಕೂ ಅಡಚಣೆ. ಡಿಸೆಂಬರಿನಲ್ಲಿ ಅದೇ ತಂಡ, 40 ಬಾರಿ ರಣಜಿ ಗೆದ್ದಿದ್ದ ಮುಂಬಯಿಯನ್ನು ಅದರ ವಾಂಖೆಡೆ ಅಂಗಣದಲ್ಲೇ 4 ಹುದ್ದರಿಗಳಿಂದ ಸೋಲಿಸಿತು.

ಪತ್ರಿಕೆಯನ್ನು ಮಡಿಸಿಟ್ಟ ಅಭಿಮಾನಿಗೆ ತನ್ನ ಹಳೆಯ ಮಾತು ನೆನಪಾಗದಿರಲಿಲ್ಲ. ಜೀಲಂ ನದಿಯ ದಂಡೆಯ ಯಾವುದೋ ಚಹದಂಗಡಿಯಲ್ಲಿ ಯಾರಾದರೂ, ‘ದೂರದ ಗದಗಿನವನಿಗೆ ನಮ್ಮ ಹುಡುಗರ ಬೆಲೆ ಹೇಗೆ ತಿಳಿಯಬೇಕು?’ ಎಂದು ಕೇಳಿರಲಾರರೇ?

ಜೋಶಿಯವರಿಗೆ ಇನ್ನಷ್ಟು ಟೆಸ್ಟುಗಳು ಸಿಗಬೇಕಾಗಿತ್ತೆಂಬ ಕೊರಗು ಅವನಲ್ಲಿ ಉಳಿದೇ ಇದೆ. ಅದು ಅಭಿಮಾನದ ಹಕ್ಕು. ಆದರೆ ಆ ಕೊರಗಿನೊಡನೆ ಜಾನ್ ರೈಟರ ಹೆಸರನ್ನು ಸೇರಿಸುವುದನ್ನು ಅವನು ಅಂದೇ ಬಿಟ್ಟ.