ಜೋಗಪ್ಪಂದಿರ ಜಾತ್ರೆಯೂ ಸ್ವಾಭಿಮಾನದ ಮೆರವಣಿಗೆಯೂ

ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯಂತಹ ಗ್ರಾಮದಿಂದ ನೋಡಿದರೆ, ಗಂಡು ಹೆಣ್ಣೆಂಬ ರೂಢಿಯ ಎಲ್ಲೆಯೊಳಗೆ ಅಡಗದ ಜನರು ನೆರೆಯುವ ಸ್ಥಾನಗಳು ಎರಡು ದಿಕ್ಕುಗಳಲ್ಲಿ ತೋರುವುವು. ಉತ್ತರಕ್ಕೆ, ನೂರು ಕಿಲೋಮೀಟರುಗಳ ಒಳಗೇ ಇರುವ ಸವದತ್ತಿಯ ಎಲ್ಲಮ್ಮನ ಗುಡ್ಡ ಒಂದು. ಅಲ್ಲಿಯ ಜಾತ್ರೆಗೆ ಜೋಗಪ್ಪಂದಿರು ತಲೆಮಾರುಗಳಿಂದ ಬರುತ್ತಿರುವರು. ಆಗ್ನೇಯಕ್ಕೆ, 400 ಕಿಲೋಮೀಟರುಗಳಿಗೂ ಮಿಕ್ಕ ದೂರದಲ್ಲಿರುವ ಬೆಂಗಳೂರು ಇನ್ನೊಂದು. ಅಲ್ಲಿ ‘ಪ್ರೈಡ್’ ಎಂಬ ಸ್ವಾಭಿಮಾನದ ಮೆರವಣಿಗೆಯು 2008ರಲ್ಲಿ ಮೊದಲಾಯಿತು. ಇವೆರಡರ ಸಂಬಂಧವನ್ನು ಕುರಿತು ಪರಸ್ಪರ ವಿರುದ್ಧವಾದ ಎರಡು ಮತಗಳು ಪ್ರಚಲಿತವಾಗಿವೆ. ಮೆರವಣಿಗೆಯು ಪರದೇಶದಿಂದ ಬಂದುದು, ಈ ನೆಲಕ್ಕೆ ಸಲ್ಲದುದು ಎಂಬುದು ಒಂದು. ಜೋಗಪ್ಪಂದಿರ ಜಾತ್ರೆಯಲ್ಲಿ ಇದೆಲ್ಲವೂ ಮೊದಲೇ ಉಂಟು, ಹೊಸದೇನೂ ಬೇಕಿಲ್ಲ ಎಂಬುದು ಇನ್ನೊಂದು. ಇವೆರಡನ್ನೂ ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಮೊದಲು ಹೆಸರನ್ನು ವಿಚಾರಿಸಬಹುದು. ಸಂಸ್ಕೃತದ ಯೋಗಿ ಶಬ್ದವು ತದ್ಭವವಾಗಿ ಜೋಗಿ ಎಂದಾಯಿತು. ಅದರಿಂದ ಜೋಗತಿ, ಜೋಗಮ್ಮ, ಜೋಗಪ್ಪ ಎಂಬ ರೂಪಗಳು ಹೊರಟವು. ಗಂಡಾಗಿ ಹುಟ್ಟಿ, ದೇವಿಯ ಹೆಸರಿನಲ್ಲಿ ಸೀರೆ ಬಳೆಗಳನ್ನು ಧರಿಸಿ, ಸ್ತ್ರೀಯಾಗಿ ಬಾಳುವವರನ್ನು ಜನರು ಜೋಗಪ್ಪ ಎಂದು ಕರೆಯುವರು. ಉಡುಗೆಯು ಸ್ತ್ರೀಯದು, ಹೆಸರಿನ ಕೊನೆಯಲ್ಲಿರುವ ‘ಅಪ್ಪ’ ಎಂಬುದು ಪುರುಷವಾಚಕ. ಜನ್ಮವನ್ನೂ ವ್ರತವನ್ನೂ ಒಂದೇ ಪದದಲ್ಲಿ ಉಳಿಸಿಕೊಂಡಿರುವುದು ಈ ಹೆಸರಿನ ವಿಶೇಷ. ಕೆಲವರು ತಮ್ಮನ್ನು ಜೋಗತಿಯೆಂದೇ ಕರೆದುಕೊಳ್ಳುವರು.

ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಒಂಬತ್ತು ಲಿಂಗಗಳನ್ನು ಎಣಿಸಿರುವುದು ವಾಚಕರಿಗೆ ತಿಳಿದ ವಿಷಯವೇ. ಅವು ಶಬ್ದಗಳ ಲಿಂಗಗಳು, ಮನುಷ್ಯರವಲ್ಲ. ಆದರೆ ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುವುದರಿಂದಲೂ, ಏಕವಚನದ ಕ್ರಿಯಾಪದವು ‘ಬಂದನು’, ‘ಬಂದಳು’ ಎಂದು ಭೇದವನ್ನು ತೋರಿಸುವುದರಿಂದಲೂ, ಜೋಗಪ್ಪನೊಬ್ಬನ ವಿಷಯವಾಗಿ ಮಾತನಾಡುವವನು ಪ್ರತಿ ವಾಕ್ಯದಲ್ಲಿಯೂ ಒಂದು ನಿರ್ಣಯವನ್ನು ಮಾಡಲೇಬೇಕಾಗುವುದು. ‘ಬಂದರು’ ಎಂಬ ಗೌರವದ ಬಹುವಚನವನ್ನು ಬಳಸಿದರೆ ಮಾತ್ರ ಈ ತೊಡಕಿಲ್ಲ. ಗೌರವ ಕೊಟ್ಟಲ್ಲಿ ಲಿಂಗದ ಪ್ರಶ್ನೆಯೇ ಏಳದಂತೆ ಭಾಷೆಯು ಅನುಕೂಲ ಮಾಡಿಕೊಟ್ಟಿದೆ.

ಇನ್ನು ಕಥೆಯ ವಿಚಾರ. ಸವದತ್ತಿಯ ಎಲ್ಲಮ್ಮನನ್ನು ಜಮದಗ್ನಿಯ ಪತ್ನಿಯಾದ ರೇಣುಕೆಯೆಂದು ಭಕ್ತರು ಭಾವಿಸುವರು. ಮಹಾಭಾರತದ ವನಪರ್ವದಲ್ಲಿ, ತಾಯಿಯನ್ನು ಕೊಲ್ಲಲು ಒಪ್ಪದ ನಾಲ್ವರು ಮಕ್ಕಳು ತಂದೆಯ ಶಾಪದಿಂದ ಬುದ್ಧಿಗೆಟ್ಟು ಮೃಗಪಕ್ಷಿಗಳಂತೆ ಆದರೆಂದು ಹೇಳಿದೆ. ಪರಶುರಾಮನು ವರ ಬೇಡುವಾಗ ಅಣ್ಣಂದಿರಿಗೆ ಅವರ ‘ಪ್ರಕೃತಿ’ ಮರಳಲಿ ಎಂದು ಬೇಡಿದನು. ಎಲ್ಲಮ್ಮನ ಭಕ್ತರಲ್ಲಿ ಬಳಕೆಯಲ್ಲಿರುವ ಕೆಲವು ಜನಪದ ಪಾಠಗಳಲ್ಲಿಯಾದರೋ ಮಕ್ಕಳು ಪುರುಷತ್ವವನ್ನು ಕಳೆದುಕೊಂಡರೆಂದು ಇದೆ. ಜೋಗಪ್ಪಂದಿರು ಆ ಮಕ್ಕಳ ಪರಂಪರೆಯವರೆಂದು ಎಣಿಸಲ್ಪಡುವರು. ಸಂಸ್ಕೃತ ಪಾಠದಲ್ಲಿ ಇಲ್ಲದ ಈ ಮಾರ್ಪಾಟು ಅರ್ಥವಿಲ್ಲದುದಲ್ಲ. ತಾಯಿಯ ಮೇಲೆ ಕೈಯೆತ್ತದವರು ತಾಯಿಯ ಸೇವಕರಾದರು. ಶಾಪವೇ ಸೇವೆಯ ಅಧಿಕಾರವಾಯಿತು. ತಮ್ಮ ನಡುವೆ ಇದ್ದವರಿಗೆ ಸ್ಥಾನವನ್ನು ಕೊಡಬೇಕಾದ ಜನರು ಪುರಾಣದಲ್ಲಿ ಆ ಸ್ಥಾನವನ್ನು ಹೀಗೆ ಕಲ್ಪಿಸಿಕೊಂಡರು.

ಆ ಸ್ಥಾನವು ದೊರೆಯುವ ಕ್ರಮವೂ ನಿಯತವಾದುದು. ಬಾಲಕನೊಬ್ಬನಲ್ಲಿ ಸ್ತ್ರೀಸ್ವಭಾವವು ಕಂಡುಬಂದರೆ, ಅಥವಾ ತಲೆಯಲ್ಲಿ ಜಡೆ ಮೂಡಿದರೆ, ಮನೆಯವರು ಅದನ್ನು ‘ಎಲ್ಲಮ್ಮನ ಕಾಟ’ ಎಂದು ತಿಳಿಯುವರು. ದೇವಿಯ ಹೆಸರಿನಲ್ಲಿ ಮುತ್ತು ಕಟ್ಟುವರು. ಆಮೇಲೆ ದೇವಿಯ ಮೂರ್ತಿಯುಳ್ಳ ಜಗವನ್ನು ತಲೆಯ ಮೇಲೆ ಹೊತ್ತು, ಚೌಡಿಕೆಯ ನಾದಕ್ಕೆ ಹಾಡುತ್ತ, ಮಂಗಳವಾರ ಶುಕ್ರವಾರಗಳಂದು ಮನೆಮನೆಗೆ ಹೋಗಿ ಜೋಗ ಬೇಡುವುದು ವ್ರತದ ಅಂಗವಾಗುವುದು. ಇತರ ಕೆಲವು ಪಂಗಡಗಳಲ್ಲಿರುವಂತೆ ಅಂಗಚ್ಛೇದನವನ್ನು ಈ ಸಂಪ್ರದಾಯವು ವಿಧಿಸುವುದಿಲ್ಲ. ಮುತ್ತೇ ಇಲ್ಲಿ ಪ್ರಮಾಣ.

ಜಾತ್ರೆಯ ಕಾಲವು ಹುಣ್ಣಿಮೆಗಳ ಲೆಕ್ಕದಲ್ಲಿ ನಡೆಯುವುದು. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಯನ್ನು ರಂಡೆ ಹುಣ್ಣಿಮೆಯೆನ್ನುವರು. ಜಮದಗ್ನಿಯ ಮರಣದಿಂದ ದೇವಿಗೆ ವೈಧವ್ಯವು ಬಂದ ದಿನವೆಂದು ಭಾವನೆ. ಮಾಘದ ಭಾರತ ಹುಣ್ಣಿಮೆಗೆ ದೇವಿಯು ಮರಳಿ ಮುತ್ತೈದೆಯಾಗುವಳು. ಆಗ ಧಾರವಾಡ, ಬೆಳಗಾವಿ ಮೊದಲಾದ ಸೀಮೆಗಳಿಂದಲೂ ಮಹಾರಾಷ್ಟ್ರದಿಂದಲೂ ಭಕ್ತರು ಗುಡ್ಡಕ್ಕೆ ಬಂದು, ಜೋಗುಳಬಾವಿಯಲ್ಲಿ ಮಿಂದು, ಭಂಡಾರವನ್ನು ಹಚ್ಚಿಕೊಂಡು, ಪಡ್ಡಲಗಿ ತುಂಬಿಸಿ, ‘ಉಧೋ ಉಧೋ’ ಎಂದು ದೇವಿಯನ್ನು ಕೂಗುವರು. ಚದುರಿದ ಹಳ್ಳಿಗಳಲ್ಲಿ ಒಬ್ಬೊಬ್ಬರಾಗಿ ಬಾಳುವ ಜೋಗಪ್ಪಂದಿರಿಗೆ ತಮ್ಮಂಥವರನ್ನು ನೂರಾರು ಜನರ ಎದುರಿನಲ್ಲಿ, ಮರೆಯಿಲ್ಲದೆ ಕಾಣುವ ಅವಕಾಶವು ಇಲ್ಲಿ ದೊರೆಯುವುದು. ತಮಿಳುನಾಡಿನ ವಿಳುಪ್ಪುರಂ ಸೀಮೆಯ ಕೂವಾಗಂ ಗ್ರಾಮದಲ್ಲಿ, ಅರವಾನನ ಕಥೆಯನ್ನು ಆಶ್ರಯಿಸಿ ಚಿತ್ತಿರೈ ಮಾಸದಲ್ಲಿ ನಡೆಯುವ ಉತ್ಸವವು ಇದಕ್ಕೆ ಸಮಾನವಾದುದು.

ಇಷ್ಟರಿಂದಲೇ ಎರಡನೆಯ ಮತವು ಸಿದ್ಧವಾಯಿತೆಂದು ತಿಳಿಯಬಾರದು. ಜಾತ್ರೆಯು ಕೊಡುವ ಸ್ಥಾನವು ದೇವಿಯ ಮೂಲಕ ಬರುವುದು. ವ್ರತವಿಲ್ಲದವರಿಗೆ ಅದು ಇಲ್ಲ. ಮುತ್ತು ಕಟ್ಟಿಸಿಕೊಳ್ಳದೆ ಸ್ತ್ರೀಯಾಗಿ ಬಾಳಬಯಸುವವರಿಗೂ, ಸ್ತ್ರೀಯಾಗಿ ಹುಟ್ಟಿ ಪುರುಷನೆಂದು ತನ್ನನ್ನು ಅರಿತವರಿಗೂ, ಪುರುಷನನ್ನು ಪ್ರೀತಿಸುವ ಪುರುಷನಿಗೂ, ಸ್ತ್ರೀಯನ್ನು ಪ್ರೀತಿಸುವ ಸ್ತ್ರೀಗೂ ಜಾತ್ರೆಯಲ್ಲಿ ಹೆಸರಿಲ್ಲ. ವಾತ್ಸ್ಯಾಯನನ ಕಾಮಸೂತ್ರವು ತೃತೀಯಾ ಪ್ರಕೃತಿಯನ್ನು ಸ್ತ್ರೀರೂಪಿಣಿ, ಪುರುಷರೂಪಿಣಿ ಎಂದು ಎರಡು ಬಗೆಯಾಗಿ ಹೇಳಿದೆ; ಗುಡ್ಡದ ಸಂಪ್ರದಾಯವು ಇವುಗಳಲ್ಲಿ ಮೊದಲನೆಯದನ್ನು ಮಾತ್ರ ಕಂಡಿತು. ದೇಹದಲ್ಲಿ ಸುಳಿಯುವ ಆತ್ಮಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಜೇಡರ ದಾಸಿಮಯ್ಯನು ವಚನದಲ್ಲಿ ಹೇಳಿದನು. ಆ ಮಾತು ಲೋಕವ್ಯವಹಾರದ ವಿಧಿಯಾಗಿ ಪರಿಣಮಿಸಲಿಲ್ಲ.

ಇದಲ್ಲದೆ ಭಕ್ತಿಯ ಆಶ್ರಯವು ಕಾಯಿದೆಯ ಎದುರಿನಲ್ಲಿ ಬಲವಾದುದಲ್ಲ. 1860ರ ದಂಡಸಂಹಿತೆಯ 377ನೆಯ ಕಲಮು ‘ಪ್ರಕೃತಿವಿರುದ್ಧ’ ಸಂಗವನ್ನು ಅಪರಾಧವೆಂದು ಸಾರಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಎರಡನೆಯ ಭಾಗವು, ಮುಖ್ಯವಾಗಿ ಉತ್ತರ ಹಿಂದುಸ್ಥಾನದಲ್ಲಿ, ನಪುಂಸಕರೆಂದು ಪಟ್ಟಿಗೆ ಸೇರಿಸಲ್ಪಟ್ಟವರು ಸ್ತ್ರೀವೇಷದಿಂದ ಸಾರ್ವಜನಿಕವಾಗಿ ಕಾಣಿಸಿಕೊಂಡರೆ, ಕುಣಿದರೆ, ವಾದ್ಯ ನುಡಿಸಿದರೆ ಎರಡು ವರ್ಷಗಳವರೆಗೆ ಸೆರೆಮನೆಯನ್ನು ವಿಧಿಸಿತು. ಸವದತ್ತಿಯಲ್ಲಿ ಸೇವೆಯಾದ ಕರ್ಮವೇ ಅಲ್ಲಿ ಅಪರಾಧವಾಯಿತು. ಧಾರವಾಡವೂ ಸವದತ್ತಿಯೂ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1934ರಲ್ಲಿ, ಆ ಪ್ರಾಂತದ ದೇವದಾಸೀ ಸಂರಕ್ಷಣ ಕಾಯಿದೆಯು ಹೊರಟಿತು. 1982ರಲ್ಲಿ ಕರ್ನಾಟಕ ವಿಧಾನಮಂಡಲವು ಸಮರ್ಪಣೆಯನ್ನು ನಿಷೇಧಿಸಿತು. ಎಳೆಯ ಹೆಣ್ಣುಮಕ್ಕಳನ್ನು ಶೋಷಣೆಯಿಂದ ಪಾರುಮಾಡಲು ಈ ನಿಷೇಧವು ಅವಶ್ಯವಾಗಿದ್ದಿತು. ಆದರೆ 1982ರ ಕಾಯಿದೆಯ ವ್ಯಾಖ್ಯೆಯು ಸ್ತ್ರೀಯ ಸಮರ್ಪಣೆಯನ್ನು ಮಾತ್ರ ಹೇಳಿತು. ಜೋಗಪ್ಪಂದಿರು ಅದರ ಅಕ್ಷರದೊಳಗೆ ಸ್ಪಷ್ಟವಾಗಿ ಬರಲಿಲ್ಲ, ಹೊರಗೂ ಉಳಿಯಲಿಲ್ಲ.

ಈಗ ಮೆರವಣಿಗೆಯ ಕಡೆಗೆ ಬರಬಹುದು. ನ್ಯೂಯಾರ್ಕಿನ ಸ್ಟೋನ್‌ವಾಲ್ ಎಂಬ ಪಾನಗೃಹದ ಮೇಲೆ 1969ರ ಜೂನ್ 28ರಂದು ಪೋಲೀಸರು ದಾಳಿ ಮಾಡಿದಾಗ ಅಲ್ಲಿದ್ದವರು ಪ್ರತಿಭಟಿಸಿದರು. ಮರುವರ್ಷ ಅದೇ ದಿನ ಅಲ್ಲಿ ಮೊದಲ ಮೆರವಣಿಗೆಯು ನಡೆಯಿತು. ಭಾರತದಲ್ಲಿ 1999ರ ಜುಲೈ 2ರಂದು ಕಲಕತ್ತೆಯಲ್ಲಿ ಸುಮಾರು 15 ಮಂದಿ ‘ಸ್ನೇಹದ ನಡಿಗೆ’ ಎಂಬ ಹೆಸರಿನಿಂದ ನಡೆದರು. ಬೆಂಗಳೂರಿನಲ್ಲಿ 1994ರಲ್ಲಿ ‘ಗುಡ್ ಆ್ಯಸ್ ಯು’ ಎಂಬ ಕೂಟವೂ, 1999ರಲ್ಲಿ ‘ಸಂಗಮ’ ಎಂಬ ಸಂಸ್ಥೆಯೂ ಹುಟ್ಟಿದವು. ಪಿ.ಯು.ಸಿ.ಎಲ್.ನ ಕರ್ನಾಟಕ ಶಾಖೆಯು 2001ರಲ್ಲಿಯೂ 2003ರಲ್ಲಿಯೂ ಈ ಜನರ ಮೇಲೆ ನಡೆದ ಹಿಂಸೆಗಳ ವಿಷಯವಾಗಿ ವರದಿಗಳನ್ನು ಪ್ರಕಟಿಸಿತು. ಇಷ್ಟು ಪೂರ್ವಸಿದ್ಧತೆಯಾದ ಮೇಲೆ 2008ರ ಜೂನ್ 29ರಂದು ಬಸವನಗುಡಿಯ ನ್ಯಾಶನಲ್ ಕಾಲೇಜಿನ ಬಳಿಯಿಂದ ಪುರಭವನದವರೆಗೆ ಬೆಂಗಳೂರಿನ ಮೊದಲ ಸ್ವಾಭಿಮಾನದ ಮೆರವಣಿಗೆಯು ಹೊರಟಿತು. ಮುಂದೆ ಅದು ನವೆಂಬರಿನ ಕೊನೆಯ ಭಾಗಕ್ಕೆ ಸರಿಯಿತು. ನಾಟಕ, ಚಲನಚಿತ್ರ, ಚರ್ಚೆಗಳು ಕೂಡಿದ ಆ ದಿನಗಳಿಗೆ ‘ಕರ್ನಾಟಕ ಕ್ವಿಯರ್ ಹಬ್ಬ’ ಎಂಬ ಹೆಸರಾಯಿತು. ಸಂಸ್ಕೃತದ ಪರ್ವವೇ ಹಳಗನ್ನಡದ ಪರ್ಬ, ಹೊಸಗನ್ನಡದ ಹಬ್ಬ. ಪರಭಾಷೆಯ ಪದವೊಂದರ ಪಕ್ಕದಲ್ಲಿ ಈ ತದ್ಭವವು ಕುಳಿತುದರಿಂದ, ಬಂದ ಆಚಾರವನ್ನು ಇಲ್ಲಿಯವರು ತಮ್ಮ ಮಾತಿನಲ್ಲಿಯೇ ತಿಳಿದುಕೊಂಡರೆಂಬುದು ಸ್ಪಷ್ಟ.

ನ್ಯಾಯಾಲಯಗಳ ನಿರ್ಣಯಗಳೂ ಇದೇ ಕಾಲದಲ್ಲಿ ಹೊರಬಿದ್ದವು. 2009ರ ಜುಲೈ 2ರಂದು ದಿಲ್ಲಿಯ ಉಚ್ಚ ನ್ಯಾಯಾಲಯವು 377ನೆಯ ಕಲಮನ್ನು ಸಂಕುಚಿತಗೊಳಿಸಿತು. 2013ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯವು ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧವು ಅಪರಾಧವಲ್ಲವೆಂದು ಸಾರಿತು. ನಡುವೆ, 2014ರ ಏಪ್ರಿಲ್ 15ರ ತೀರ್ಪಿನಲ್ಲಿ, ತಮ್ಮ ಲಿಂಗವನ್ನು ತಾವೇ ನಿಶ್ಚಯಿಸಿಕೊಳ್ಳುವ ಅಧಿಕಾರವು ಅಂಗೀಕೃತವಾಯಿತು. ಸಂಶೋಧಕರು ಗಮನಿಸತಕ್ಕ ಅಂಶವೊಂದು ಇಲ್ಲಿದೆ. ಆ ತೀರ್ಪು ಹಿಜಡಾ, ಅರವಾಣಿಗಳೊಡನೆ ಜೋಗಪ್ಪಂದಿರನ್ನೂ ಹೆಸರಿಸಿ, ಅವರು ರೇಣುಕಾದೇವಿಯ ಸೇವಕರೆಂದು ವಿವರಿಸಿತು. 2019ರಲ್ಲಿ ಸಂಸತ್ತು ಮಾಡಿದ ಅಧಿನಿಯಮದ ವ್ಯಾಖ್ಯೆಯಲ್ಲಿ ‘ಜೋಗ್ತಾ’ ಎಂಬ ಪದವು ಸೇರಿತು. ಎಲ್ಲಮ್ಮನ ಭಕ್ತರ ಮಾತು ರಾಷ್ಟ್ರದ ಶಾಸನದ ಮಾತಾಯಿತು. ಕರ್ನಾಟಕ ಸರ್ಕಾರವು 2021ರಲ್ಲಿ ಸರ್ಕಾರಿ ನೌಕರಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡ 1ರ ಮೀಸಲಾತಿಯನ್ನು ಕೊಟ್ಟಿತು.

ಎರಡು ದಾರಿಗಳೂ ಒಬ್ಬರಲ್ಲಿಯೇ ಸೇರಿದ ನಿದರ್ಶನವು ಮಂಜಮ್ಮ ಜೋಗತಿಯವರು. ಬಳ್ಳಾರಿ ಸೀಮೆಯಲ್ಲಿ ಹುಟ್ಟಿ, ಹುಲಿಗೆಮ್ಮನ ಸನ್ನಿಧಿಯಲ್ಲಿ ದೀಕ್ಷೆ ಪಡೆದು, ಕಾಳವ್ವ ಜೋಗತಿಯವರ ಬಳಿ ಕಲಿತು ಜೋಗತಿ ನೃತ್ಯವನ್ನು ರಂಗಕ್ಕೆ ತಂದ ಇವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು. ಜಗವನ್ನು ಹೊತ್ತವರು ಅಕಾಡೆಮಿಯ ಪೀಠದಲ್ಲಿ ಕುಳಿತುದು ದೇವಿಯ ಕೃಪೆಯೊಂದರಿಂದಲೇ ಆದುದಲ್ಲ, ಕೇವಲ ಶಾಸನದಿಂದ ಆದುದೂ ಅಲ್ಲ.

ಆದುದರಿಂದ ಪೂರ್ವೋಕ್ತ ಮತಗಳೆರಡೂ ಅಪೂರ್ಣ. ಮೆರವಣಿಗೆಯ ರೂಪವು ಹೊರಗಿನದು. ಅದರಲ್ಲಿ ನಡೆದ ಜನರು ಇಲ್ಲಿಯವರೇ, ಅವರನ್ನು ಈ ನಾಡು ಮೊದಲಿನಿಂದ ಬಲ್ಲುದು. ಜಾತ್ರೆಯು ಪ್ರಾಚೀನವಾದರೂ ಅದು ಎಲ್ಲರನ್ನೂ ಒಳಕೊಳ್ಳಲಿಲ್ಲ. ಜಾತ್ರೆಯಲ್ಲಿ ಸ್ಥಾನವು ಹರಕೆಯಿಂದ ಬರುವುದು. ಮೆರವಣಿಗೆಯು ಕೇಳುವುದು ಹಕ್ಕನ್ನು. ಹರಕೆಯೆಂಬುದು ಕನ್ನಡದ ಮಾತು, ಹಕ್ಕು ಎಂಬುದು ಅರಬ್ಬೀ ಮೂಲದ್ದು. ಆದರೂ ಹೊಲದ ಹಕ್ಕು, ನೀರಿನ ಹಕ್ಕು ಎನ್ನುವಾಗ ಅದನ್ನು ಪರಕೀಯವೆಂದು ಹಳ್ಳಿಯ ಯಾರೂ ಹೇಳುವುದಿಲ್ಲ. ಬಮ್ಮಿಗಟ್ಟಿಯಂತಹ ಊರಿನ ಬಾಲಕನೋ ಬಾಲಕಿಯೋ ತನ್ನ ಸ್ವಭಾವಕ್ಕೆ ಒಂದು ಹೆಸರನ್ನು ಹುಡುಕುವಾಗ ಕಾಟವೆಂಬ ಒಂದೇ ಪದ ದೊರೆತರೆ, ಮುಂದಿನ ದಾರಿಯೂ ಒಂದೇ ಆಗುವುದು. ಇನ್ನೊಂದು ಪದವೂ ದೊರೆತರೆ ಹರಕೆಯು ಬಲವಂತವಾಗಿ ಉಳಿಯದೆ, ಒಪ್ಪಿ ಹೊತ್ತ ವ್ರತವಾಗುವುದು. ಆಗ ಗುಡ್ಡದ ಜಾತ್ರೆಗೂ ನಷ್ಟವಿಲ್ಲ.